ಕರಿಯ ಗಾಲಿಗಳ ಆರೈಕೆ

ಈಚಿನ ವರ್ಷಗಳಲ್ಲಿ ನಮ್ಮ ಸಮಾಜದ ಅನೇಕ ಮನೆಗಳಿಗೆ ಬರುತ್ತಿರುವ ಕಾರುಗಳಲ್ಲಿ ಕನ್ನಡಿಯಂತೆ ಹೊಳೆಯುವ ಕರಿಯ ಗಾಲಿಗಳನ್ನು ಕಾಣುತ್ತೇವೆ. ಬಂಡಿಯ ಕಾಲದಲ್ಲಿಯೂ ಗಾಲಿಯ ನಡುಭಾಗ ಕಪ್ಪಾಗಿಯೇ ಇರುತ್ತಿತ್ತು. ಆದರೆ ಅದು ಕೀಲೆಣ್ಣೆಯ ಕಪ್ಪು, ಅದನ್ನು ಯಾರೂ ಒರೆಸಿ ಹೊಳೆಯಿಸುತ್ತಿರಲಿಲ್ಲ. ಇಂದಿನದು ಅಲಂಕಾರದ ಕಪ್ಪು. ಕೊಂಡ ದಿನ ಇದ್ದ ಕಾಂತಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮಸುಕಾಗಿ ಹೋದುದನ್ನು ನಾವು ಎಷ್ಟೋ ಕಡೆ ನೋಡಿದ್ದೇವೆ. 2021ರಲ್ಲಿ ನಮ್ಮ ಹಿರಿಯ ಮಗನು ಕೊಂಡ ಕಾರಿಗೂ ಇಂತಹವೇ ಗಾಲಿಗಳಿದ್ದು, ಅವನು ವಾರದಲ್ಲಿ ಆರು ದಿನ ಕೆಲಸದ ಮೇಲಿರುವುದರಿಂದ ಅವುಗಳ ಆರೈಕೆ ನಮ್ಮ ಪಾಲಿಗೆ ಬಂದಿತು. ಆ ಕೆಲಸದಲ್ಲಿ ತಿಳಿದುಬಂದ ಸಂಗತಿಗಳನ್ನು, ಅದರಲ್ಲಿಯೂ ಒಂದು ಅಪಾಯವನ್ನು, ವಾಚಕರಿಗೆ ತಿಳಿಸಬೇಕೆನಿಸಿದ್ದರಿಂದ ಈ ಬರಹ.

ಈ ಗಾಲಿಗಳು ಅಲ್ಯೂಮಿನಿಯಂ ಮಿಶ್ರಲೋಹದವು. ಲೋಹದ ಮೇಲೆ ಪ್ರೈಮರ್, ಅದರ ಮೇಲೆ ಕಪ್ಪು ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಮೆರುಗಿನ ಒಂದು ಪದರ. ನಾವು ಮೆಚ್ಚುವ ಹೊಳಪೆಲ್ಲ ಈ ಕೊನೆಯ ಪದರದ್ದು. ಅದು ತಲೆಗೂದಲಿಗಿಂತಲೂ ತೆಳ್ಳಗಿರುತ್ತದೆ ಎಂದರೆ ಅದನ್ನು ಎಷ್ಟು ಜೋಪಾನವಾಗಿ ಮುಟ್ಟಬೇಕೆಂಬುದು ತಿಳಿದೀತು. ಬೆಳ್ಳಿಬಣ್ಣದ ಗಾಲಿಯ ಮೇಲೆ ನೂರು ಗೀರು ಬಿದ್ದರೂ ಸುಲಭವಾಗಿ ಕಣ್ಣಿಗೆ ಬೀಳವು. ಕರಿಯ ಗಾಲಿಯನ್ನು ಧೂಳಿರುವಾಗ ಒಣಬಟ್ಟೆಯಿಂದ ಒಮ್ಮೆ ತಿಕ್ಕಿದರೂ ಸಾಕು, ಬಿಸಿಲಿನಲ್ಲಿ ಜೇಡರ ಬಲೆಯಂತಹ ಸಣ್ಣ ಗೀರುಗಳು ತೋರುತ್ತವೆ.

ಗಾಲಿಯ ಮೇಲೆ ಕೂರುವ ಧೂಳು ರಸ್ತೆಯದೊಂದೇ ಅಲ್ಲ. ಬ್ರೇಕು ಒತ್ತಿದಾಗ ಪ್ಯಾಡೂ ಕಬ್ಬಿಣದ ಡಿಸ್ಕೂ ಉಜ್ಜಿಕೊಂಡು ಸವೆಯುತ್ತವೆ. ಆ ಕಾದ ಪುಡಿ ಹಾರಿ ಗಾಲಿಗೆ ಅಂಟುತ್ತದೆ. ವಾಹನ ನಿಲ್ಲುವಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕುಗಳಿಗೆ ಕೆಲಸ ಹೆಚ್ಚು, ಮುಂದಿನ ಗಾಲಿಗಳಿಗೆ ಪುಡಿಯೂ ಹೆಚ್ಚು. ಈ ಪುಡಿಯಲ್ಲಿ ಕಬ್ಬಿಣವಿರುವುದರಿಂದ ತೇವ ತಗುಲಿದಾಗ ಅಲ್ಲಿಯೇ ತುಕ್ಕು ಹಿಡಿದು, ಕಂದು ಚುಕ್ಕೆಗಳಾಗಿ ಮೆರುಗಿನ ಪದರವನ್ನು ಕಚ್ಚಿಕೊಳ್ಳುತ್ತದೆ. ಆದುದರಿಂದ ತಿಂಗಳಿಗೊಮ್ಮೆ ಬಲವಾಗಿ ಉಜ್ಜುವುದಕ್ಕಿಂತ ವಾರಕ್ಕೊಮ್ಮೆ ಮೆಲ್ಲಗೆ ತೊಳೆಯುವುದು ಮೇಲು.

ನಮ್ಮ ಬಯಲುಸೀಮೆಯ ಎರೆಮಣ್ಣಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ಹೋಗಿ ಬಂದರೆ ಅದು ಅಂಟಿನಂತೆ ಮೆತ್ತಿಕೊಂಡು ಮರುದಿನಕ್ಕೆ ಇಟ್ಟಿಗೆಯಂತಾಗುತ್ತದೆ. ಅದನ್ನು ಉಗುರಿನಿಂದಾಗಲಿ ಕಡ್ಡಿಯಿಂದಾಗಲಿ ಕೆರೆಯಬಾರದು. ಧಾರಾಳವಾಗಿ ನೀರು ಹಾಯಿಸಿ, ಅರ್ಧ ಗಂಟೆ ನೆನೆಯಬಿಟ್ಟರೆ ತಾನೇ ಬಿಡುತ್ತದೆ. ಗಾಲಿಯ ಒಳಮೈಯನ್ನೂ ಮರೆಯಬಾರದು. ಒಮ್ಮೆ ಬೀಗರ ಊರಿನಿಂದ ಹಿಂದಿರುಗುವಾಗ ಹೆದ್ದಾರಿಯಲ್ಲಿ ವೇಗ ಎಂಬತ್ತಕ್ಕೆ ಏರುತ್ತಿದ್ದಂತೆ ಸ್ಟೀರಿಂಗು ನಡುಗತೊಡಗಿತು. ಮನೆಯವರೆಲ್ಲ ಗಾಬರಿಗೊಂಡರು, ಕಾರನ್ನು ತೋರಿಸಿದ ಕಡೆ ದೊಡ್ಡ ದುರಸ್ತಿಯ ಮಾತೂ ಬಂದಿತು. ಕೊನೆಗೆ ನೋಡಿದರೆ ಒಂದು ಗಾಲಿಯ ಒಳಗೆ ಒಂದೇ ಬದಿಗೆ ಎರೆಮಣ್ಣಿನ ಹೆಂಟೆ ಒಣಗಿ ಕೂತಿದ್ದಿತು. ಅದನ್ನು ತೊಳೆದ ಮೇಲೆ ನಡುಕವಿಲ್ಲ.

ತೊಳೆಯುವ ಕ್ರಮ ಸರಳವಾದುದು. ದೂರದಿಂದ ಬಂದ ಕೂಡಲೆ ತೊಳೆಯಬಾರದು. ಡಿಸ್ಕು ಕಾದಿರುವಾಗ ತಣ್ಣೀರು ಸುರಿದರೆ ಅದು ಸೊಟ್ಟಗಾಗುವ ಸಂಭವವುಂಟು, ಸಾಬೂನು ನೀರೂ ಕ್ಷಣದಲ್ಲಿ ಆರಿ ಕಲೆಯಾಗುತ್ತದೆ. ಗಾಲಿ ಕೈಗೆ ತಣ್ಣಗೆ ಹತ್ತಿದ ಮೇಲೆ ನೆರಳಿನಲ್ಲಿ ನೀರು ಹಾಯಿಸಿ, ಕಾರಿಗೆಂದೇ ಮಾಡಿದ ಶಾಂಪೂವನ್ನು ನೀರಿನಲ್ಲಿ ಕದಡಿ, ಮೃದುವಾದ ಕುಂಚದಿಂದ ಸಂದುಗಳನ್ನು ತೊಳೆಯಬೇಕು. ಎರಡು ಬಕೀಟುಗಳಿರಲಿ: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಕುಂಚವನ್ನು ಜಾಲಾಡಿಸಲು ಬರಿಯ ನೀರು. ಗಾಲಿಗೆ ಬಳಸಿದ ಬಟ್ಟೆಯನ್ನು ಕಾರಿನ ಮೈಗೆ ಎಂದಿಗೂ ಬಳಸಬಾರದು, ಅದರಲ್ಲಿ ಕಬ್ಬಿಣದ ಪುಡಿ ಉಳಿದಿರುತ್ತದೆ. ಪಾತ್ರೆ ತಿಕ್ಕುವ ಜುಂಗನ್ನು ಯಾರಾದರೂ ತಂದುಕೊಟ್ಟರೆ ಅಡಿಗೆಮನೆಗೇ ಹಿಂದಿರುಗಿಸಿ. ತೊಳೆದು ಮುಗಿದೊಡನೆ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ನೀರನ್ನು ಹೀರಿಸಬೇಕು. ನಮ್ಮ ಕಡೆಯ ಕೊಳವೆಬಾವಿಯ ನೀರು ಗಡಸು. ತಾನಾಗಿ ಆರಲು ಬಿಟ್ಟರೆ ಸುಣ್ಣದ ಬಿಳಿ ಉಂಗುರಗಳು ಉಳಿಯುತ್ತವೆ, ಕಪ್ಪಿನ ಮೇಲೆ ಅವು ಎದ್ದು ಕಾಣುತ್ತವೆ.

ಆಯುಧಪೂಜೆಯಂದು ಗಾಲಿಗಳಿಗೆ ವಿಭೂತಿ ಹಚ್ಚುವ ಮನೆಗಳುಂಟು. ಕರಿಯ ಗಾಲಿಯ ಮೇಲೆ ವಿಭೂತಿಯ ಮೂರೆಳೆಗಳು ಬಹಳ ಶೋಭಿಸುತ್ತವೆ. ನೀರಿನಲ್ಲಿ ಕಲಸಿ ಬೆರಳಿನಿಂದ ಮೆಲ್ಲಗೆ ಎಳೆದರೆ ಏನೂ ಕೇಡಿಲ್ಲ. ಎರಡು ದಿನ ಬಿಟ್ಟು ಒಣಗಿದ ವಿಭೂತಿಯನ್ನು ಬಟ್ಟೆಯಿಂದ ತಿಕ್ಕಿ ತೆಗೆಯುವುದರಿಂದ ಗೀರು ಬೀಳುತ್ತದೆ, ಏಕೆಂದರೆ ಭಸ್ಮದಲ್ಲಿ ಕಣ್ಣಿಗೆ ಕಾಣದ ಗಡಸು ಕಣಗಳಿರುತ್ತವೆ. ನೀರಿನಿಂದಲೇ ಅದನ್ನು ಇಳಿಸಬೇಕು. ಅರಿಶಿನ ಕುಂಕುಮಗಳ ಕಲೆಯನ್ನೂ, ಟೈರಿನ ಕೆಳಗೆ ನಲುಗಿದ ನಿಂಬೆಹಣ್ಣಿನ ರಸವನ್ನೂ ಅಂದು ಸಂಜೆಯೇ ತೊಳೆಯುವುದು ಒಳ್ಳೆಯದು. ಹೊಳಪಿಗೆಂದು ಕೊಬ್ಬರಿ ಎಣ್ಣೆ ಸವರುವವರೂ ಇದ್ದಾರೆ; ಆ ಹೊಳಪು ಮೊದಲ ಹತ್ತು ಮೈಲಿಯ ಧೂಳಿಗೆ ಮುಗಿಯಿತು.

ಈಗ ಅಪಾಯದ ಮಾತು. ನಮ್ಮ ಪೇಟೆಯಲ್ಲಿ ವಾಹನ ತೊಳೆಯುವ ಒಂದು ಕಡೆ ಗಾಲಿಗಳಿಗೆ ಹೆಸರಿಲ್ಲದ ಡಬ್ಬಿಯೊಂದರಿಂದ ಯಾವುದೋ ದ್ರವವನ್ನು ಚಿಮುಕಿಸುತ್ತಿದ್ದರು. ಎಂತಹ ಕೊಳೆಯಾದರೂ ನಿಮಿಷದಲ್ಲಿ ಇಳಿಯುತ್ತಿದ್ದುದರಿಂದ ಗಿರಾಕಿಗಳಿಗೂ ಸಂತೋಷ. 2022ರ ಬೇಸಗೆಯಲ್ಲಿ ಅಲ್ಲಿ ದುಡಿಯುತ್ತಿದ್ದ, ಇಪ್ಪತ್ತೂ ತುಂಬದ ಹುಡುಗನೊಬ್ಬನ ಬೆರಳುಗಳಿಗೆ ಬಟ್ಟೆ ಸುತ್ತಿದ್ದುದನ್ನು ಕಂಡು ವಿಚಾರಿಸಿದೆವು. ಕೆಲಸ ಮಾಡುವಾಗ ಏನೂ ಅನಿಸಲಿಲ್ಲವಂತೆ; ರಾತ್ರಿ ಉಗುರುಗಳ ಸಂದಿನಲ್ಲಿ ಬೆಂಕಿ ಇಟ್ಟಂತಹ ನೋವು. ವೈದ್ಯರು ಅದು ಫ್ಲೋರಿನ್ ಇರುವ ಆಮ್ಲದ ಸುಟ್ಟಗಾಯವೆಂದರು. ಹೈಡ್ರೋಫ್ಲೋರಿಕ್ ಆಮ್ಲವೂ ಅದೇ ಜಾತಿಯ ಲವಣಗಳೂ ಕೆಲವು ಅಗ್ಗದ ಗಾಲಿ ತೊಳೆಯುವ ದ್ರವಗಳಲ್ಲಿರುತ್ತವೆ. ಅದು ತೊಗಲನ್ನು ದಾಟಿ ಒಳಗೆ ಇಳಿದು ದೇಹದ ಕ್ಯಾಲ್ಸಿಯಮ್ಮನ್ನು ಹಿಡಿದುಕೊಳ್ಳುತ್ತದೆ. ದ್ರವ ತೆಳುವಾಗಿದ್ದರೆ ನೋವು ಹಲವು ಗಂಟೆಗಳ ಮೇಲೆ ಕಾಣಿಸಿಕೊಳ್ಳುವುದುಂಟು. ಮೈಗೆ ತಾಗಿತೆಂದು ಗೊತ್ತಾದೊಡನೆ ಹರಿಯುವ ನೀರಿನಲ್ಲಿ ತೊಳೆದು, ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಹಚ್ಚುತ್ತಾರೆ. ಆ ಹುಡುಗನ ಎರಡು ಉಗುರುಗಳು ಹೋದವು, ಒಂದು ತಿಂಗಳ ದುಡಿಮೆಯೂ ಹೋಯಿತು. ಬಟ್ಟೆ ತೊಳೆಯುವ ಕಾಯಕದ ಮಡಿವಾಳ ಮಾಚಿದೇವರನ್ನು ಶರಣರೆಂದು ಪೂಜಿಸುವ ಸಮಾಜದವರಾದ ನಾವು, ನಮ್ಮ ವಾಹನ ತೊಳೆಯುವವನ ಕೈಗೆ ಏನು ಕೊಡುತ್ತಿದ್ದಾರೆಂದು ಕೇಳದೆ ಇರುವುದು ಸರಿಯೆ? ಡಬ್ಬಿಯನ್ನು ತೋರಿಸಿರಿ ಎಂದು ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ. ಗಾಲಿಗೂ ಆ ದ್ರವ ಶತ್ರುವೇ, ಮೆರುಗಿನ ಪದರವನ್ನು ಮಂಕಾಗಿಸುತ್ತದೆ. ಶೌಚಾಲಯ ತೊಳೆಯುವ ಆಮ್ಲದ ಮಾತೂ ಅಷ್ಟೇ.

ಗಟ್ಟಿಯಾಗಿ ಕಚ್ಚಿದ ಕಬ್ಬಿಣದ ಪುಡಿಗೆ ಆಮ್ಲವಲ್ಲದ ದ್ರವಗಳು ಸಿಗುತ್ತವೆ. ಸಿಂಪಡಿಸಿದಾಗ ಕಬ್ಬಿಣವಿರುವೆಡೆಯೆಲ್ಲ ನೇರಳೆ ಬಣ್ಣಕ್ಕೆ ತಿರುಗುವುದು ಅವುಗಳ ಗುರುತು. ವಾಸನೆ ಮಾತ್ರ ಕೊಳೆತ ಮೊಟ್ಟೆಯದು, ಕೈಗವಸು ಹಾಕಿಕೊಂಡು ಬಯಲಿನಲ್ಲಿ ಬಳಸಬೇಕು, ಆರುವ ಮೊದಲೇ ತೊಳೆಯಬೇಕು. ವರ್ಷಕ್ಕೆ ಎರಡು ಮೂರು ಬಾರಿ ಸಾಕು. ಆಮೇಲೆ ಮೇಣವನ್ನಾಗಲಿ, ಸಿರಾಮಿಕ್ ಲೇಪನವನ್ನಾಗಲಿ ಹಚ್ಚಿಸಿದರೆ ಪುಡಿ ಅಷ್ಟಾಗಿ ಅಂಟದೆ ನೀರಿಗೇ ಜಾರುತ್ತದೆ. ಮೇಣ ಬ್ರೇಕಿನ ಕಾವಿಗೆ ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ; ಸಿರಾಮಿಕ್ ಹೆಚ್ಚು ಕಾಲ ಬಾಳುತ್ತದೆ, ಹಣವೂ ಹೆಚ್ಚು. ಲೇಪನ ಹಾಕಿಸಿದ ಗಾಲಿಗೆ ಕಲ್ಲೂ ತಾಗದು ಎಂದು ಮಾರುವವರು ಹೇಳಿದರೆ ನಂಬಬೇಡಿ. ನಾವು ಮನೆಯಲ್ಲಿಯೇ ಮೇಣ ಹಚ್ಚುತ್ತೇವೆ.

ಕಲ್ಲಿನ ಪೆಟ್ಟಿಗಿಂತ ಫುಟ್‌ಪಾತಿನ ಅಂಚಿನ ಉಜ್ಜು ಹೆಚ್ಚು. ರಸ್ತೆಯ ಎಡಬದಿಗೆ ನಿಲ್ಲಿಸುವ ರೂಢಿಯಿಂದ ಎಡದ ಗಾಲಿಗಳಿಗೇ ಅದು ಬೀಳುತ್ತದೆ. ಬಣ್ಣ ಕಿತ್ತು ಲೋಹ ಕಂಡರೆ ತಡಮಾಡದೆ ಮುಚ್ಚಿಸಬೇಕು, ಇಲ್ಲವಾದರೆ ನೀರು ಒಳಸೇರಿ ಸುತ್ತಲಿನ ಬಣ್ಣವೂ ಉಬ್ಬುತ್ತದೆ. ಟೈರು ಬದಲಿಸುವಾಗ ಯಂತ್ರದ ಹಿಡಿತಕ್ಕೆ ಪ್ಲಾಸ್ಟಿಕ್ ಕವಚ ಹಾಕಿರೆಂದೂ, ತೂಕದ ಸೀಸವನ್ನು ಅಂಚಿಗೆ ಬಡಿಯದೆ ಒಳಮೈಗೆ ಅಂಟಿಸಿರೆಂದೂ ಮೊದಲೇ ಹೇಳಬೇಕು. ನಟ್ಟುಗಳನ್ನು ಎದುರುಬದುರಾಗಿ, ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯಬೇಕು. ನಮ್ಮ ಕಾರಿನ ಮುಂದಿನ ಎಡಗಾಲಿಯಲ್ಲಿ ಹೆಬ್ಬೆರಳಿನುದ್ದದ ಒಂದು ಗಾಯವಿದೆ. ಅದಕ್ಕೆ ಕಪ್ಪು ಬಣ್ಣ ಮುಟ್ಟಿಸಿ ಮೇಲೆ ಮೆರುಗು ಸವರಿದ್ದೇವೆ. ಹತ್ತಿರ ಕೂತು ನೋಡಿದವರಿಗೆ ಕಾಣುತ್ತದೆ, ಮಗನು ಇನ್ನೂ ನೋಡಿಲ್ಲ.