ಆಗುಂಬೆಯ ಮಾಡಿಗೊಂದು ಟಾರ್ಪಾಲು

ಜೂನ್ ಕೊನೆಯಲ್ಲಿ ತೀರ್ಥಹಳ್ಳಿಯಿಂದ ಆಗುಂಬೆಯತ್ತ ಬಸ್ಸು ಹಿಡಿದವರಿಗೆ ಕೆಂಪು ಮಂಗಳೂರು ಹಂಚಿನ ಮಾಡುಗಳ ನಡುವೆ ಅಲ್ಲೊಂದು ಇಲ್ಲೊಂದು ನೀಲಿ ಟಾರ್ಪಾಲು ಕಾಣಿಸುತ್ತದೆ. ಮಂಗ ಜಿಗಿದೋ, ಗಾಳಿಗೆ ಕೊಂಬೆ ಬಿದ್ದೋ ಹಂಚು ಒಡೆದಿದೆಯೆಂದು ಅರ್ಥ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಊರಿನಲ್ಲಿ ಹಂಚು ಕೈಯಾಡಿಸುವ ಕೆಲಸ ಬೇಸಿಗೆಯಲ್ಲೇ ಮುಗಿಯಬೇಕು. ಶಾಲೆಯೂ ಮಳೆಯೂ ಹೆಚ್ಚುಕಡಿಮೆ ಒಟ್ಟಿಗೇ ಶುರುವಾಗುವುದರಿಂದ, ಮಾಡು ಸೋರಿದರೆ ನೆನೆಯುವುದು ಮಕ್ಕಳ ಹೊಸ ಪುಸ್ತಕ.

ಒಂದೇ ಹಂಚಾದರೆ ಒಳಗಿನಿಂದ ಅಡಿಕೆ ಹಾಳೆ ತೂರಿಸಿದರೂ ನಡೆಯುತ್ತದೆ. ನಾಲ್ಕಾರು ಹೋದಾಗ ಟಾರ್ಪಾಲೇ ಗತಿ. ಒಡೆದ ಜಾಗಕ್ಕಷ್ಟೇ ಹೊದಿಸಿದರೆ ಮೇಲಿನಿಂದ ಹರಿದ ನೀರು ಅದರ ಅಡಿಗೇ ನುಗ್ಗುತ್ತದೆ. ಬಲ್ಲವರು ಅದನ್ನು ಮಾಡಿನ ನೆತ್ತಿ ದಾಟಿಸಿ, ಆಚೆ ಬದಿಗೂ ಇಳಿಬಿಟ್ಟು, ಹಗ್ಗವನ್ನು ಸೂರಿನ ಪಕಾಸಿಗೆ ಬಿಗಿಯುತ್ತಾರೆ. ಕಲ್ಲು ಹೇರಿದರೆ ಗಾಳಿಗೆ ಉರುಳಿ ಇನ್ನೆರಡು ಹಂಚು ಹೋದಂತೆಯೇ. ಕೆಳಗೆ ಮಕ್ಕಳಿದ್ದರೆ ದೇವರೇ ಗತಿ. ಹಗುರವೆಂದು ಹುಡುಗರನ್ನು ಪಾಚಿಗಟ್ಟಿದ ಮಾಡು ಹತ್ತಿಸುವುದಂತೂ ಸಲ್ಲ.

ಮಳೆ ಹೊಳವಾದ ದಿನ ಹೊಸ ಹಂಚು ಏರುತ್ತದೆ, ಟಾರ್ಪಾಲು ಒಣಗಿ ಅಟ್ಟ ಸೇರುತ್ತದೆ.