ಅರಸರ ಮಜ್ಜನಗೃಹದಲ್ಲಿ ಶಿಲೆಗಳ ಓಲಗ

ಬೀದರದ ಕೋಟೆಯನ್ನು ನೋಡಲು ಬಂದವರು ಶರ್ಜಾ ದರವಾಜೆ, ಗುಂಬಜ್ ದರವಾಜೆಗಳನ್ನು ದಾಟಿ ಒಳಹೊಕ್ಕರೆ, ಹದಿನಾರು ಕಂಬದ ಮಸೀದಿಯೂ ಅದರ ಮುಂದೆ ಲಾಲ್ ಬಾಗ್ ಎಂಬ ಉದ್ಯಾನವೂ ಕಣ್ಣಿಗೆ ಬೀಳುತ್ತವೆ. ಅಲ್ಲಿಯೇ ಸನಿಹದಲ್ಲಿ ಅರಸುಮನೆತನದವರ ಹಳೆಯ ಹಮಾಮು, ಎಂದರೆ ಮಜ್ಜನಗೃಹವಿದೆ. ಪನ್ನೀರಿನ ಪರಿಮಳ ಆಡಿರಬಹುದಾದ ಆ ಕೊಠಡಿಗಳಲ್ಲಿ ಇಂದು ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯ ನೆಲೆಸಿದೆ. ಅಲ್ಲಿ ಈಗ ಓಲಗ ಕೊಡುತ್ತಿರುವುವು ಹಳೆಯ ಆಯುಧಗಳು ಮತ್ತು ಕಲ್ಲಿನ ವಿಗ್ರಹಗಳು.

ಬಹಮನಿ ಸುಲ್ತಾನ ಅಹಮದ್ ಷಾ ಹದಿನೈದನೆಯ ಶತಮಾನದಲ್ಲಿ ರಾಜಧಾನಿಯನ್ನು ಕಲಬುರ್ಗಿಯಿಂದ ಇಲ್ಲಿಗೆ ತಂದನು. ಆದರೆ ಈ ನೆಲದ ಶಿಲ್ಪಕಲೆ ಅವನಿಗಿಂತಲೂ ಹಳೆಯದು. ಇದೇ ಜಿಲ್ಲೆಯ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದನು. ಅವನ ಕೊನೆಯ ವರ್ಷಗಳಲ್ಲಿ, ಕಡಲಾಚೆಯ ಕಾಂಬೋಡಿಯದಲ್ಲಿ ಖ್ಮೇರ್ ದೊರೆ ಎರಡನೆಯ ಸೂರ್ಯವರ್ಮನು ಪಟ್ಟಕ್ಕೆ ಬಂದು ಆಂಕೋರ್ ವಾಟ್ ದೇಗುಲವನ್ನು ಕಟ್ಟಿಸತೊಡಗಿದನು. ಅಲ್ಲಿನ ಗೋಡೆಗಳ ಅಪ್ಸರೆಯರನ್ನು ಚಿತ್ರಗಳಲ್ಲಿ ಕಂಡು ಬೆರಗಾಗುವ ನಮ್ಮ ಜನ, ಹುಮನಾಬಾದ ತಾಲ್ಲೂಕಿನ ಜಲಸಂಗ್ವಿಯ ದೇವಾಲಯದಲ್ಲಿ ವಿಕ್ರಮಾದಿತ್ಯನ ಕೀರ್ತಿಯನ್ನು ಕಲ್ಲಿನ ಮೇಲೆ ಬರೆಯುತ್ತಿರುವ ಶಾಸನಸುಂದರಿಯನ್ನು ನೋಡಿರುವುದು ಅಪರೂಪ.

ಹಿಂದಿನದನ್ನು ಉಳಿಸಿಕೊಳ್ಳುವ ಬಗೆ ಒಂದೇ ಅಲ್ಲ. ಜಲಸಂಗ್ವಿಯ ಸುಂದರಿ ತನ್ನ ಗೋಡೆಯಲ್ಲಿಯೇ ನಿಂತಿದ್ದಾಳೆ. ರಂಗೀನ್ ಮಹಲಿನ ಮರದ ಕೆತ್ತನೆಯೂ, ಕರಿಯ ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕುಸುರಿಯೂ ಇದ್ದಲ್ಲಿಯೇ ಉಳಿದಿವೆ. ಇದ್ದಲ್ಲಿಯೇ ಇರುವುದರಲ್ಲಿ ಅಪಾಯವೂ ಉಂಟು. ಮಹಮೂದ್ ಗಾವಾನನು 1472ರಲ್ಲಿ ಕಟ್ಟಿಸಿದ ಮದರಸದ ಒಂದು ಭಾಗ 1696ರ ಸಿಡಿಮದ್ದಿನ ಸ್ಫೋಟದಲ್ಲಿ ಕುಸಿಯಿತು; ಅದರ ಎರಡು ಮಿನಾರುಗಳಲ್ಲಿ ಇಂದು ನಿಂತಿರುವುದು ಒಂದೇ. ಇನ್ನು ಕೆಲವು ಉಳಿಯುವುದು ಕುಶಲಿಗಳ ಕೈಯಲ್ಲಿ. ಸತುವಿಗೆ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಂತಿ ಕೂರಿಸಿದ ಬಿದರಿ ಹೂಜಿಗೆ ಆ ಕಪ್ಪನ್ನು ಕೊಡುವುದು ಇದೇ ಕೋಟೆಯ ಹಳೆಯ ಮಣ್ಣು. ನವಸಾಗರದೊಡನೆ ಕದಡಿದ ಆ ಮಣ್ಣಿನಿಂದ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ಸಂಗ್ರಹಾಲಯದ ವಿಗ್ರಹಗಳಿಗೆ ಮಳೆಬಿಸಿಲಿನ ಭಯವಿಲ್ಲ. ಆದರೆ ಅವುಗಳಿಗೆ ಗುಡಿಯೂ ಇಲ್ಲ, ದೀಪವೂ ಇಲ್ಲ. ಭಾಲ್ಕಿಯಿಂದ ರೈಲಿನಲ್ಲಿಯೋ ಔರಾದಿನಿಂದ ಬಸ್ಸಿನಲ್ಲಿಯೋ ಬಂದ ಕುಟುಂಬವೊಂದು ಅವುಗಳ ಮುಂದೆ ನಿಂತಾಗ, ಮೊಮ್ಮಗನ ಕೈ ಹಿಡಿದ ಅಜ್ಜಿಯ ಬಾಯಿಂದ ಬರುವ ಮಾತು ಇದು: “ಇಂಥ ಕಲ್ಲು ನಮ್ಮೂರ ಅಗಸಿ ಬಲ್ಲಿ ಭೀ ಅದಲ್ಲ!”

ಸಂಗ್ರಹಾಲಯ ಕಲಿಸಬೇಕಾದ ಪಾಠವೆಲ್ಲ ಆ ಮಾತಿನಲ್ಲಿಯೇ ಅಡಗಿದೆ. ಅಗಸಿಯ ಬಳಿಯ ವೀರಗಲ್ಲಿಗೆ ಕಾವಲುಗಾರನಿಲ್ಲ, ಹೆಸರಿನ ಫಲಕವಿಲ್ಲ. ಮೂರ್ತಿ ಭಿನ್ನವಾಯಿತೆಂದರೆ ಪೂಜೆಗೆ ಸಲ್ಲದು. ಅದು ಬೇವಿನ ಮರದ ಬುಡ ಸೇರುತ್ತದೆ, ಇಲ್ಲವೆ ಬಾವಿಯ ಪಾಲಾಗುತ್ತದೆ. ಹೊಸ ಕಟ್ಟಡದ ಪಾಯಕ್ಕೆ ಬಿದ್ದರಂತೂ ಅದರ ಮೇಲಿನ ಅಕ್ಷರಗಳನ್ನು ಯಾರೂ ಮತ್ತೆ ಓದಲಾರರು. ಊರಿನ ಹೆಸರು ಮೊದಲ ಬಾರಿಗೆ ದಾಖಲಾದದ್ದು ಆ ಕಲ್ಲಿನಲ್ಲಿಯೇ ಇದ್ದಿರಬಹುದು.

ಸಂಜೆಯಾಗುತ್ತಲೇ ಕೋಟೆಯ ಕೆಂಪು ಮುರಕಲ್ಲು ಇನ್ನಷ್ಟು ಕೆಂಪೇರುತ್ತದೆ, ಸಂದರ್ಶಕರು ಹೊರನಡೆಯುತ್ತಾರೆ. ಊರು ಮುಟ್ಟಿದ ಆ ಹುಡುಗನು ಅಗಸಿಯ ಬಳಿ ಒಂದು ಗಳಿಗೆ ನಿಂತು, ಎಣ್ಣೆ ಮೆತ್ತಿದ ಕಲ್ಲಿನ ಮೇಲೆ ಬೆರಳಾಡಿಸಿ ಅಕ್ಷರವನ್ನು ಹುಡುಕಿದರೆ, ಅರಸರ ಮಜ್ಜನಗೃಹದಲ್ಲಿ ಕಳೆದ ಅರ್ಧ ಗಂಟೆ ಸಾರ್ಥಕವಾದಂತೆಯೇ.