ಹೂವಿನ ದಿನ ಮೋಡ ಕಟ್ಟಿತು

ಪರಾಗಸ್ಪರ್ಶದ ಪಾಠವನ್ನು ನಾನು ಬಹಳ ವರ್ಷ ದಾಸವಾಳ ಹಿಡಿದುಕೊಂಡೇ ಮಾಡಿದವನು. ದಾಸವಾಳ ವರ್ಷವಿಡೀ ಸಿಗುತ್ತದೆ, ದೊಡ್ಡದು, ಬ್ಲೇಡಿನಲ್ಲಿ ಸೀಳಿ ತೋರಿಸಲು ಸುಲಭ. ಯಸಳೂರಿನಲ್ಲಿ ಎತ್ತ ತಿರುಗಿದರೂ ಕಾಫಿ ತೋಟವೇ. ಆದರೂ ಕಾಫಿ ಹೂವು ನನ್ನ ತರಗತಿಗೆ ಬಂದಿರಲಿಲ್ಲ. ಅದು ಅರಳುವ ದಿನ ಯಾವ ವೇಳಾಪಟ್ಟಿಯಲ್ಲೂ ಇರುವುದಿಲ್ಲವಲ್ಲ!

ಕಾಫಿ ಮೊಗ್ಗು ಚಳಿಗಾಲದಲ್ಲೇ ಗೆಣ್ಣುಗಳಲ್ಲಿ ಮೂಡಿ, ಒಣ ಹವೆಯಲ್ಲಿ ಬೆಳವಣಿಗೆ ನಿಲ್ಲಿಸಿ ಕಾಯುತ್ತದೆ. ಫೆಬ್ರುವರಿ, ಮಾರ್ಚಿನಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ಎಚ್ಚರಗೊಳ್ಳುತ್ತದೆ. ಇದಕ್ಕೇ ನಮ್ಮವರು ಹೂಮಳೆ ಎನ್ನುವುದು. ನಮ್ಮ ಕಡೆ ಮಳೆಗೆ ಸೆಂಟ್ ಲೆಕ್ಕ. 100 ಸೆಂಟ್ ಅಂದರೆ ಒಂದು ಇಂಚು. ಅಷ್ಟು ಬಿದ್ದ ವಾರದೊಪ್ಪತ್ತಿಗೆ ತೋಟ ಬೆಳ್ಳಗಾಗುತ್ತದೆ. ಎರಡು ಮೂರು ದಿನ, ಅಷ್ಟೇ. ಆಮೇಲೆ ಹೂವು ಕಂದು ಬಣ್ಣಕ್ಕೆ ತಿರುಗುತ್ತದೆ.

ಒಂದು ವರ್ಷ ಫೆಬ್ರುವರಿ ಕೊನೆಯಲ್ಲೇ ಹೂಮಳೆ ಬಂತು. ದಿನ ಎಣಿಸಿ, ಪರೀಕ್ಷೆ ಹತ್ತಿರ ಬಂತೆಂಬ ಗೊಣಗಾಟದ ನಡುವೆಯೇ ಒಪ್ಪಿಗೆ ಪಡೆದು, ಒಂಬತ್ತನೇ ತರಗತಿಯ ಮೂವತ್ತು ಮಕ್ಕಳನ್ನು ಪಕ್ಕದ ರೊಬಸ್ಟಾ ತೋಟಕ್ಕೆ ಹೊರಡಿಸಿದೆ. ತಿರುವು ದಾಟುವ ಮೊದಲೇ ಪರಿಮಳ ಎದುರಿಗೆ ಬಂತು. ಆಮೇಲೆ ಜೇನಿನ ಝೇಂಕಾರ. ರೆಂಬೆರೆಂಬೆಗೂ ಗೆಣ್ಣು ಮರೆಯಾಗುವಂತೆ ಹೂವು. ಸದಾ ಗಲಾಟೆ ಮಾಡುವವರೂ ಪಿಸುಮಾತಿಗೆ ಇಳಿದರು.

‘ಮಲ್ಲಿಗೆ ಜಾತಿ ಅಲ್ವಾ ಸಾರ್?’ ಎಂದಳು ಒಬ್ಬಳು. ವಾಸನೆ ನಂಬಿ ಮೋಸಹೋಗಬಾರದು. ಕಾಫಿಯ ನೆಂಟರು ನಮ್ಮ ಕಾಡಿನ ಕೇಪಳ, ಅಂಗಳದ ಗಂಧರಾಜ. ಆ ಗಂಧರಾಜವಾದರೋ ಚೀನಾದ ಉದ್ಯಾನಗಳಲ್ಲಿ ಶತಮಾನಗಳಿಂದ ಬೆಳೆಸಿದ ಹೂವು. ಅಲ್ಲಿಯವರು ವಸಂತದ ಆರಂಭದಲ್ಲಿ ಹೂವು ನೋಡಲೆಂದೇ ಗುಂಪುಗೂಡಿ ಉದ್ಯಾನಕ್ಕೆ ಹೋಗುತ್ತಾರೆ ಎಂದೆ. ‘ನಾವೂ ಬಂದಿದೀವಲ್ಲ ಸಾರ್’ ಎಂದಳು. ಸರಿಯೇ.

ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು, ಗಾಳಿಯೋ ಜೇನೋ ತಂದುಕೊಡಬೇಕು ಎಂದು ವಿವರಿಸುತ್ತಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ ಬರೆದುಕೊಳ್ಳದೆ ಪಶ್ಚಿಮದ ಕಡೆ ಕತ್ತೆತ್ತಿ ನಿಂತಿದ್ದ.

‘ಏನೋ, ಹೂವು ಇಲ್ಲಿದ್ರೆ ಆಕಾಶ ನೋಡ್ತಿದೀಯ?’

‘ಮೋಡ ಕಟ್ತಾ ಇದೆ ಸಾರ್. ನಮ್ಮಲ್ಲೂ ಇವತ್ತೇ ಅರಳಿದೆ.’

ಅವನ ಮನೆಯದು ಎರಡೆಕರೆ ರೊಬಸ್ಟಾ. ಸೊಸೈಟಿ ಸಾಲ, ಅಕ್ಕನ ಕಾಲೇಜು, ಇವನ ಪುಸ್ತಕ, ಎಲ್ಲವೂ ಅದರಲ್ಲೇ. ಮಳೆ ಬಂದರೆ ಏನಾಗುತ್ತದೆಂದು ಎಲ್ಲರಿಗೂ ಹೇಳು ಎಂದೆ. ತಡವರಿಸುತ್ತಲೇ ಶುರು ಮಾಡಿದ. ಪರಾಗ ತೊಯ್ದು ಗಾಳಿಯಲ್ಲಿ ಹಾರುವುದಿಲ್ಲ, ಜೇನು ಗೂಡು ಬಿಟ್ಟು ಬರುವುದಿಲ್ಲ, ಹೂವು ಇದ್ದಂತೆಯೇ ಉದುರುತ್ತದೆ, ಕಾಯಿ ನಿಲ್ಲುವುದಿಲ್ಲ. ‘ವಾರದ ಹಿಂದೆ ಇದೇ ಮಳೆಗೆ ಅಮ್ಮ ಹರಕೆ ಹೊತ್ತಿದ್ರು ಸಾರ್. ಈಗ ಬರಬಾರದು ಅಂತಾರೆ.’ ನನ್ನ ದಾಸವಾಳದ ಪಾಠ ಎಂದೂ ಅಷ್ಟು ದೂರ ಹೋಗಿರಲಿಲ್ಲ.

ಗುಡುಗು ಕೇಳಿತು. ಮಕ್ಕಳನ್ನು ಓಡಿಸಿಕೊಂಡು ಬಂದೆ. ಶಾಲೆ ಮುಟ್ಟುವಷ್ಟರಲ್ಲಿ ದಪ್ಪ ಹನಿ ನಾಲ್ಕು ಬಿತ್ತು. ಮಳೆ ಅಂದರೆ ಕೇಕೆ ಹಾಕುವ ಮಕ್ಕಳು ಅವತ್ತು ಜಗಲಿಯಲ್ಲಿ ಸುಮ್ಮನೆ ನಿಂತರು. ಮೋಡ ಶನಿವಾರಸಂತೆಯ ಕಡೆ ಸರಿಯಿತೋ ಇಲ್ಲೇ ಉಳಿಯಿತೋ ಕತ್ತಲಲ್ಲಿ ತಿಳಿಯಲಿಲ್ಲ. ರಾತ್ರಿ ನನ್ನ ಹೆಂಚಿನ ಮೇಲೆ ಸ್ವಲ್ಪ ಸದ್ದಾದಾಗ ಎದ್ದು ಕೂತೆ. ನನಗೆ ಒಂದು ಗಿಡವೂ ಇಲ್ಲ.

ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆಯೇ ಅವನು ಗೇಟಿನ ಬಳಿ ಕಾಯುತ್ತಿದ್ದ.

‘ಅಪ್ಪ ಟಾರ್ಚ್ ಹಿಡ್ಕೊಂಡು ಹೋಗಿ ಅಳೆದ್ರು ಸಾರ್. ಎಂಟೇ ಸೆಂಟ್.’